ಡೈರಿಯೂ ಇರುವ ಹೊಸ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಾಗಿ ಕಾಯಬೇಕೇ?

ಧಾರವಾಡದಲ್ಲಿ ಸಿವಿಲ್ ಮೂರನೆಯ ವರ್ಷ ಓದುತ್ತಿದ್ದೇನೆ ಎಂದಿದ್ದೀರಿ. ಡೈರಿ, ವಿಳಾಸ ಪುಸ್ತಕ, ಅಲಾರಾಂ ಎಲ್ಲ ಒಳಗೊಂಡ ಹೊಸ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬರಲಿದೆಯಂತೆ, ಅದಕ್ಕಾಗಿ ಕಾಯಲೋ ಈಗಲೇ ಬೇರೊಂದನ್ನು ಕೊಳ್ಳಲೋ ಎಂಬುದು ನಿಮ್ಮ ಪ್ರಶ್ನೆ. ಈಗಲೇ ಕೊಳ್ಳಿ. ಕಾಯುವ ಕೆಲಸವನ್ನು ನನ್ನಂಥವರಿಗೆ ಬಿಡಿ. ಹುಬ್ಬಳ್ಳಿ, ಗದಗ ಸುತ್ತಲಿನ ಹೊಲಗಳ ಮೋಜಣಿ ಮಾಡುತ್ತ ತಿರುಗುವ ನನಗೆ ಆ ಯಂತ್ರದ ಆಸೆ ನಿಮಗಿಂತ ಹೆಚ್ಚೇ ಇದೆ.

ಈ ಜಾತಿಯ ಯಂತ್ರಕ್ಕಾಗಿ ಕಾದವರು ಹಿಂದೆಯೂ ಇದ್ದರು. ಎಚ್‌ಪಿ ಕಂಪನಿಯ ‘ಎಕ್ಸ್‌ಪ್ಯಾಂಡರ್’ ಎಂಬ ದೊಡ್ಡ ಪರದೆಯ ಯಂತ್ರದ ಸುದ್ದಿ ಬಹಳ ಆಸೆ ಹುಟ್ಟಿಸಿತ್ತು; 2001ರಲ್ಲಿ, ಅಂಗಡಿಗೆ ಬರುವ ಮೊದಲೇ, ಅದನ್ನು ಕೈಬಿಟ್ಟರು. ಮೆಲ್ಬರ್ನ್‌ನ ಹೈಡ್ರಿಕ್ಸ್ ಕಂಪನಿ ತೋರಿಸಿದ ‘ಕ್ವೊನೊಸ್’ ಕೂಡ ಮಾರಾಟಕ್ಕೆ ಬರಲಿಲ್ಲ. ಹಾಗೆಂದು ಎಲ್ಲವೂ ಗಾಳಿಸುದ್ದಿಯೇ ಆಗಿರಲಿಲ್ಲ. 1994ರ ಎಚ್‌ಪಿ 200ಎಲ್‌ಎಕ್ಸ್‌ನಲ್ಲಿ ದಿನಚರಿ, ಫೋನ್ ಪುಸ್ತಕ, ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್, ಗಟ್ಟಿಮುಟ್ಟಾದ ಕ್ಯಾಲ್ಕುಲೇಟರ್ ಎಲ್ಲವೂ ಇದ್ದವು, ಅದೂ ಎರಡು ಸಣ್ಣ ಪೆನ್ಸಿಲ್ ಸೆಲ್‌ಗಳ ಮೇಲೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ದೊಡ್ಡದು 1983ರ ಎಚ್‌ಪಿ 41ಸಿಎಕ್ಸ್. ಅದರ ಅಲಾರಾಂ ಬರೀ ಕೂಗಿ ಸುಮ್ಮನಾಗುತ್ತಿರಲಿಲ್ಲ. ಹೊತ್ತು ಗೊತ್ತುಮಾಡಿಟ್ಟರೆ ಆ ಹೊತ್ತಿಗೆ ಸರಿಯಾಗಿ ನೀವು ಬರೆದಿಟ್ಟ ಪ್ರೋಗ್ರಾಂ ಅನ್ನು ತಾನೇ ಓಡಿಸುತ್ತಿತ್ತು. ಗಡಿಯಾರವೂ ಲೆಕ್ಕವೂ ಒಂದನ್ನೊಂದು ಬಲ್ಲ ಯಂತ್ರ ಅದು. ಆಮೇಲೆ ಬಂದ ಎಷ್ಟೋ ಯಂತ್ರಗಳಲ್ಲಿ ಡೈರಿ ಒಂದು ಮೂಲೆಯಲ್ಲಿ, ಲೆಕ್ಕ ಇನ್ನೊಂದು ಮೂಲೆಯಲ್ಲಿ, ಮಾತು ಬಿಟ್ಟ ದಾಯಾದಿಗಳ ಹಾಗೆ ಕೂತಿರುತ್ತವೆ.

ಡೈರಿ ಮತ್ತು ಅಲಾರಾಂ ಮೊಬೈಲ್‌ನಲ್ಲಿ ಬೇಕಾದಷ್ಟಿವೆ, ಅವುಗಳಿಗಾಗಿ ಬೇರೆ ಯಂತ್ರ ಯಾಕೆ? ನನಗೆ ಬೇಕಾದದ್ದು ಅಂಕಿಯ ಪಕ್ಕದಲ್ಲೇ ಅದರ ಹೆಸರು ಮತ್ತು ತಾರೀಖು. ಈಗ ನನ್ನ ಕೈಯಲ್ಲಿರುವ ಕ್ಯಾಸಿಯೋ 991ಇಎಸ್ ಪ್ಲಸ್‌ನಲ್ಲಿ ಅಂಕಿ ಕೂಡಿಡಲು ಒಂಬತ್ತು ಅಕ್ಷರಗಳಿವೆ. ಎ ಎಂದರೆ ಮೂಡಣ ಬದುವಿನ ಉದ್ದವೋ, ನಿನ್ನೆ ಅಳೆದ ಹೊಲದ ಖರಾಬೋ (ಸಾಗುವಳಿಗೆ ಬಾರದ ಜಾಗ) ಎಂಬುದನ್ನು ನಾನೇ ನೆನಪಿಡಬೇಕು. ಮಾಡಿದ ಲೆಕ್ಕದ ಸಾಲುಗಳಂತೂ ಯಂತ್ರ ಆರಿದರೆ ಹೋದವು. ಹಳೆಯ ಮೋಜಣಿಯ ಟಿಪ್ಪಣಿಯನ್ನು ಪಕ್ಕದಲ್ಲಿಟ್ಟುಕೊಂಡು, ಜಮೀನು ಭಾಗ ಮಾಡುವಾಗ ಬೇಕಾಗುವ 11ಇ ನಕ್ಷೆಗೆ ಅಳತೆ ಹಾಕುತ್ತಿರುವಾಗ, ಅಣ್ಣತಮ್ಮಂದಿರಿಬ್ಬರೂ ಬದುವಿನ ಮೇಲೆ ನಿಂತು ‘ನನ್ನ ಹಿಸ್ಸಾ ಎಷ್ಟು ಬಂತು ಸರ್’ ಎಂದು ಕೇಳುತ್ತಿರುವಾಗ, ಅಂಕಿಗೆ ಹೆಸರಿಲ್ಲದಿರುವುದು ಸಣ್ಣ ಕೊರತೆಯಲ್ಲ.

ಇನ್ನೊಂದು ಆಸೆ ಎಕರೆ-ಗುಂಟೆ-ಆಣೆಯ ಕೀಲಿ. ಡಿಗ್ರಿ-ಮಿನಿಟು-ಸೆಕೆಂಡಿಗೆ ಬಹುತೇಕ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಲ್ಲಿ ಕೀಲಿ ಇದೆ, ಆದರೆ ಅದು ಅರವತ್ತರ ಲೆಕ್ಕ. ನಮ್ಮ ಉತಾರದಲ್ಲಿ (ಪಹಣಿಯಲ್ಲಿ) 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 3 ಎಕರೆ 22 ಗುಂಟೆ 8 ಆಣೆಗೆ 1 ಎಕರೆ 25 ಗುಂಟೆ 10 ಆಣೆ ಕೂಡಿಸಬೇಕೆಂದರೆ ಎರಡನ್ನೂ ಆಣೆಗೆ ಇಳಿಸಿ, 2280 ಮತ್ತು 1050 ಸೇರಿಸಿ 3330 ಮಾಡಿ, ಮತ್ತೆ 640ರಿಂದ ಭಾಗಿಸಿ ಎಕರೆ, ಉಳಿದದ್ದನ್ನು 16ರಿಂದ ಭಾಗಿಸಿ ಗುಂಟೆ ತೆಗೆಯಬೇಕು. ಬರುವುದು 5 ಎಕರೆ 8 ಗುಂಟೆ 2 ಆಣೆ. ಪ್ರೋಗ್ರಾಂ ಬರೆಯಬಹುದಾದ ಯಂತ್ರವಾದರೆ ಒಮ್ಮೆ ಬರೆದಿಟ್ಟರೆ ಮುಗಿಯಿತು. ಜಪಾನಿನಲ್ಲೋ ಅಮೆರಿಕದಲ್ಲೋ ಕೂತವರು ನಮ್ಮ ಗುಂಟೆಗೆಂದು ಕೀಲಿ ಕೊಡಲಿ ಎಂದು ಕಾಯಬೇಕಿಲ್ಲ.

ಇದೆಲ್ಲ ಮೊಬೈಲ್‌ನಲ್ಲೇ ಆಗುತ್ತದಲ್ಲ ಎಂದು ನೀವು ಕೇಳಬಹುದು. ಒಳಗೆ ಕುಳಿತಾಗ ಆಗುತ್ತದೆ. ‘ಫ್ರೀ42’ ಎಂಬ ಉಚಿತ ಆ್ಯಪ್ ಹಾಕಿಕೊಂಡು ನೋಡಿ; 1988ರ ಎಚ್‌ಪಿ 42ಎಸ್ ಕೆಲಸ ಮಾಡುತ್ತಿದ್ದ ಹಾಗೆಯೇ ಅದು ಮಾಡುತ್ತದೆ, ಅಂಕಿಗೆ ಏಳು ಅಕ್ಷರದವರೆಗೆ ಹೆಸರನ್ನೂ ಇಡಬಹುದು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಎರೆ ಹೊಲದ ನಡುವೆ ನಿಂತಾಗ ಮೊಬೈಲಿನ ಪರದೆ ಕಾಣುವುದಿಲ್ಲ, ಮೈಯೂ ಸುಡುತ್ತದೆ. ಕ್ಯಾಲ್ಕುಲೇಟರ್‌ನ ಬೂದು ಪರದೆ ಬಿಸಿಲು ಹೆಚ್ಚಿದಷ್ಟೂ ನಿಚ್ಚಳ. ಬೆವರಿನ ಬೆರಳಿಗೆ ಕೀಲಿ ಒತ್ತಿದ್ದು ತಿಳಿಯುವುದೂ ಅದರಲ್ಲಿಯೇ.

ನಿಮ್ಮ ವಿಷಯಕ್ಕೆ ಬಂದರೆ, ಡೈರಿ ಇರುವ ಯಂತ್ರವನ್ನು ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ತೆಗೆದಿಡಿಸುವ ಸಾಧ್ಯತೆ ಹೆಚ್ಚು. ಬರಹ ಕೂಡಿಡಬಲ್ಲ ಯಾವುದನ್ನೂ ಮೇಲ್ವಿಚಾರಕರು ಅನುಮಾನದಿಂದಲೇ ನೋಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಗಂತೂ ಕ್ಯಾಲ್ಕುಲೇಟರ್ ಒಯ್ಯುವ ಹಾಗೆಯೇ ಇಲ್ಲ, ಕಂಪ್ಯೂಟರ್ ಪರದೆಯ ಮೇಲಿನದನ್ನೇ ಮೌಸ್‌ನಿಂದ ಒತ್ತಬೇಕು. ಆದ್ದರಿಂದ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲೋ ನಿಮ್ಮ ಕಾಲೇಜಿನ ಹತ್ತಿರದ ಸ್ಟೇಷನರಿ ಅಂಗಡಿಯಲ್ಲೋ ಬಿಲ್ ಕೇಳಿ ಪಡೆದು ಒಂದು 991 ಕೊಳ್ಳಿ. ಟ್ರಾವರ್ಸ್ ಲೆಕ್ಕಕ್ಕೆ, ಅಂದರೆ ಗೆರೆಯಿಂದ ಗೆರೆಗೆ ಸಾಗುತ್ತ ಅಳೆಯುವ ಮೋಜಣಿಯ ಲೆಕ್ಕಕ್ಕೆ, ಅದರ ‘ಪೋಲ್’ ಮತ್ತು ‘ರೆಕ್’ ಎಂಬ ಎರಡು ಸೌಲಭ್ಯಗಳನ್ನು ಈಗಲೇ ಕೈಗೆ ರೂಢಿ ಮಾಡಿಕೊಳ್ಳಿ. ಬೇರಿಂಗ್ (ಗೆರೆಯ ದಿಕ್ಕಿನ ಕೋನ) ಮತ್ತು ಉದ್ದ ಕೊಟ್ಟರೆ ‘ರೆಕ್’ ಒಂದೇ ಸಲಕ್ಕೆ ಲ್ಯಾಟಿಟ್ಯೂಡ್ (ಉತ್ತರ-ದಕ್ಷಿಣದ ದೂರ), ಡಿಪಾರ್ಚರ್ (ಪೂರ್ವ-ಪಶ್ಚಿಮದ ದೂರ) ಎರಡನ್ನೂ ಕೊಡುತ್ತದೆ. ಸೈನ್, ಕೊಸೈನ್ ಎಂದು ಬೇರೆ ಬೇರೆ ಒತ್ತುತ್ತ ಕೂರಬೇಕಾಗಿಲ್ಲ.

ಹೊಸ ಯಂತ್ರ ನಿಜವಾಗಿ ಬಂದ ದಿನ ನಾನು ಅದರ ಬಣ್ಣ, ಪರದೆಗಿಂತ ಮೊದಲು ಕೇಳುವುದು ಸೆಲ್ ತೆಗೆದರೆ ಒಳಗಿನ ಬರಹ ಉಳಿಯುತ್ತದೆಯೇ ಎಂದು. ತೊಂಬತ್ತರ ದಶಕದ ಡಿಜಿಟಲ್ ಡೈರಿಗಳಲ್ಲಿ ಮುಖ್ಯ ಸೆಲ್ಲೂ ಬೆನ್ನಿಗಿದ್ದ ಸೆಲ್ಲೂ ಒಟ್ಟಿಗೆ ಸತ್ತರೆ ಫೋನ್ ನಂಬರುಗಳೆಲ್ಲ ಅಳಿಸಿ ಹೋಗುತ್ತಿದ್ದವು. ಹೊಸದರಲ್ಲಿಯೂ ಅದೇ ಕಥೆಯಾದರೆ ನನ್ನ ಫೀಲ್ಡ್ ಬುಕ್ಕೇ ಸಾಕು.