ಮಿನಿಕಾಯ್‌ನಲ್ಲಿ ಒಂದು ದಿನ: ಗದಗಿನವರ ಪ್ರಶ್ನೆಗೆ

ಕೊಚ್ಚಿಯಿಂದ ಹೊರಡುವ ಹಡಗು ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಒಂದೇ ದಿನ ನಿಲ್ಲುತ್ತದೆ, ಮೊಣಕಾಲು ನೋವಿರುವ ಅವ್ವನನ್ನು ಕರೆದೊಯ್ಯಬಹುದಾ, ಅಲ್ಲಿನ ಮಕ್ಕಳಿಗೆ ಏನು ಒಯ್ಯಲಿ ಅಂತ ಕೇಳಿದ್ದೀರಿ.

ಹಡಗು ಸಾಮಾನ್ಯವಾಗಿ ದಡಕ್ಕೆ ಬರುವುದಿಲ್ಲ. ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಓಲಾಡುವ ಸಣ್ಣ ದೋಣಿಗೆ ಇಳಿಯಬೇಕು. ನಾನಾದರೆ ಡಾಕ್ಟರನ್ನು ಕೇಳದೆ ಅವ್ವನನ್ನು ಕರೆದೊಯ್ಯುವುದಿಲ್ಲ.

ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ, ದಯವಿಟ್ಟು. ನಮ್ಮ ಧಾರವಾಡದ ಓಣಿಗೆ ಯಾರೋ ಬಸ್ಸಿನಿಂದ ಇಳಿದು, ಕೇಳದೆ ಹೆಣ್ಣುಮಕ್ಕಳ ಫೋಟೊ ತೆಗೆದು, ಮಕ್ಕಳ ಕೈಗೆ ತಿಂಡಿ ಇಟ್ಟರೆ ನಮಗೆ ಸರಿ ಅನಿಸುತ್ತದಾ? ಅವರಿಗೂ ಅಷ್ಟೇ ಅಲ್ವಾ. ಪೇಡೆ ಒಯ್ದರೆ ಊರು ತೋರಿಸುವ ಹಿರಿಯರ ಕೈಗೆ ಕೊಡಿ.

ಅಲ್ಲಿನ ಮಾತು ಮಹಲ್, ಮಾಲ್ಡೀವ್ಸ್‌ನ ದಿವೇಹಿಯದೇ ರೂಪ. ಉಳಿದ ದ್ವೀಪಗಳಂತೆ ಮಲಯಾಳಂ ಅಲ್ಲ. ಟ್ಯೂನಾ ಮೀನನ್ನು ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಒಣಗಿಸಿ 'ಮಾಸ್' ಮಾಡುತ್ತಾರೆ. ಅದನ್ನು ಕೊಳ್ಳಿ, ದುಡ್ಡು ಊರಿನವರಿಗೇ ಸಿಗುತ್ತದೆ. 1885ರ ಲೈಟ್‌ಹೌಸ್ ಕೂಡ ಬಿಡಬೇಡಿ.

ಊರೊಳಗೆ ಮೈ ಮುಚ್ಚುವ ಬಟ್ಟೆ ಇರಲಿ. ಮದ್ಯ ಒಯ್ಯುವ ಹಾಗಿಲ್ಲ. ಹವಳದ ಚೂರು ಸುಮ್ನೆ ಕೂಡ ಎತ್ತಿಕೊಳ್ಳಬೇಡಿ, ಅದು ಅಪರಾಧ. ಪ್ರವೇಶ ಪರ್ಮಿಟ್ ಟಿಕೆಟ್ಟಿನಲ್ಲೇ ಸೇರಿದೆಯಾ ಅಂತ ಈಗಲೇ ಕೇಳಿ.