ವಿಮಾನ ಕದ್ದ ಸಾರ್ಜೆಂಟ್‌ನ ಬಗ್ಗೆ ಬರೆದವರಿಗೆ

ಪ್ರಿಯರೇ,

ನಿಮ್ಮ ‘ಆಕಾಶದ ಕಳ್ಳ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಹಳ ಚೆನ್ನಾಗಿದೆ, ದಯವಿಟ್ಟು ಕೈಬಿಡಬೇಡಿ.

ಘಟನೆ ಇಷ್ಟು. 1969ರ ಮೇ 23ರ ಬೆಳಗಿನ ಜಾವ, ಇಂಗ್ಲೆಂಡಿನ ಮಿಲ್ಡನ್‌ಹಾಲ್ ವಾಯುನೆಲೆಯಿಂದ ಅಮೆರಿಕದ ಸಾರ್ಜೆಂಟ್ ಪಾಲ್ ಮೇಯರ್ ಒಬ್ಬನೇ ಹರ್ಕ್ಯುಲಿಸ್ ಸಾಗಣೆ ವಿಮಾನ ಹಾರಿಸಿಕೊಂಡು ಹೊರಟ. ಹೆಂಡತಿ ವರ್ಜೀನಿಯಾದಲ್ಲಿದ್ದಳು. ಅವನಿಗೆ ಮನೆಗೆ ಹೋಗಬೇಕಿತ್ತು, ಅಷ್ಟೇ. ಸುಮಾರು ಒಂದೂಮುಕ್ಕಾಲು ಗಂಟೆ ಹಾರಿದ ಮೇಲೆ ವಿಮಾನ ಇಂಗ್ಲಿಷ್ ಕಡಲ್ಗಾಲುವೆಗೆ ಬಿತ್ತು. ಅವನ ದೇಹ ಸಿಗಲೇ ಇಲ್ಲ.

ನೀವು ಅವನನ್ನು ಉದ್ದಕ್ಕೂ ‘ಪೈಲಟ್’ ಎಂದು ಬರೆದಿದ್ದೀರಿ. ಅವನು ಪೈಲಟ್ ಅಲ್ಲ, ನೆಲದ ಮೇಲೆ ವಿಮಾನ ನೋಡಿಕೊಳ್ಳುವ ಮೆಕ್ಯಾನಿಕ್. ಇದನ್ನು ಬರೀ ಸಣ್ಣ ತಪ್ಪು ಎಂದು ತಿದ್ದಿ ಮುಂದೆ ಹೋಗಬೇಡಿ, ಲೇಖನದ ಜೀವವೇ ಇದರಲ್ಲಿದೆ. ಡಿಪೋದ ಮೆಕ್ಯಾನಿಕ್ ಬಸ್ಸನ್ನು ಸ್ಟಾರ್ಟ್ ಮಾಡಿ ಅಂಗಳದಲ್ಲಿ ತಿರುಗಿಸಬಲ್ಲ. ಅದೇ ಬಸ್ಸನ್ನು ಮೋಡ ಕವಿದ ಘಾಟಿಯಲ್ಲಿ ಇಳಿಸುವುದು ಬೇರೆ ಮಾತು. ಮೇಯರ್‌ಗೆ ಆ ನಾಲ್ಕು ಎಂಜಿನ್‌ಗಳು ಚೆನ್ನಾಗಿ ಗೊತ್ತಿದ್ದವು. ಅಧಿಕಾರಿಯ ಸೋಗು ಹಾಕಿ ಇಂಧನ ತುಂಬಿಸಿಕೊಂಡ, ಹಲವರು ಸೇರಿ ನಡೆಸುವ ವಿಮಾನವನ್ನು ಒಬ್ಬನೇ ಮೇಲೆಬ್ಬಿಸಿದ. ಅಲ್ಲಿಂದ ಮುಂದೆ ಅವನಿಗೆ ಬೇಕಿದ್ದ ವಿದ್ಯೆ ಬೇರೆಯದೇ ಆಗಿತ್ತು. ಅವನ ಕೈಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು ನಿಧಾನವಾಗಿ ತೋರಿಸಿ.

ಹಾರುತ್ತಲೇ ಅವನು, ರೇಡಿಯೋವನ್ನು ಮನೆಯ ಫೋನಿಗೆ ಜೋಡಿಸಿಕೊಟ್ಟಿದ್ದರಿಂದ, ಹೆಂಡತಿಯ ಜೊತೆ ಮಾತಾಡಿದ. ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು! ಅದರಲ್ಲೂ ಆಕೆ ಬೆಳಗಿನ ಕಾಫಿ ಮಾಡುತ್ತಿದ್ದಳು ಎಂದಿದ್ದೀರಿ. ಇಂಗ್ಲೆಂಡಿನಲ್ಲಿ ಐದು ದಾಟಿದಾಗ ವರ್ಜೀನಿಯಾದಲ್ಲಿ ಆಗಷ್ಟೇ ಮಧ್ಯರಾತ್ರಿ ಕಳೆದಿರುತ್ತದೆ. ನಡುರಾತ್ರಿ ಫೋನ್ ಬಂದು, ಗಂಡ ‘ಮನೆಗೆ ಬರ್ತಿದೀನಿ’ ಎಂದರೆ ಹೇಗಿರುತ್ತದೆ, ಯೋಚಿಸಿ. ಆದರೆ ಸುಮ್ನೆ ಸಂಭಾಷಣೆ ಕಟ್ಟಬೇಡಿ. ಆಕೆ ನಿಜವಾದ ಹೆಂಗಸು, ಆಡದ ಮಾತನ್ನು ಆಕೆಯ ಬಾಯಲ್ಲಿ ಇಡುವುದು ಅನ್ಯಾಯ. ದಾಖಲೆಯಲ್ಲಿ ಇರುವಷ್ಟನ್ನೇ ಕೊಡಿ, ಸಾಕು.

ಅಮೆರಿಕನ್ನರೇ ಕ್ಷಿಪಣಿ ಹೊಡೆದು ಬೀಳಿಸಿದರು ಎಂದು ನಾಲ್ಕು ಪುಟ ಬರೆದಿದ್ದೀರಿ. ಆ ಅನುಮಾನ ಅನೇಕರಿಗಿತ್ತು, ಅನುಮಾನ ಎಂದೇ ಎರಡು ಸಾಲು ಬರೆಯಿರಿ. 2018ರಲ್ಲಿ ಮುಳುಗುಗಾರರ ತಂಡಕ್ಕೆ ಕಡಲ ತಳದಲ್ಲಿ ವಿಮಾನದ ಅವಶೇಷ ಸಿಕ್ಕಿತಲ್ಲ, ಅದರ ಸುದ್ದಿಯೇ ನಿಮ್ಮಲ್ಲಿಲ್ಲ. ಅದು ಬೇಕು.

ಶೀರ್ಷಿಕೆಯಲ್ಲಿ ‘ಕಳ್ಳ’ ಬೇಡ. ಓದುವ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತದೆ, ಅಲ್ವಾ? ಹಾಗಂತ ವೀರನನ್ನಾಗಿಯೂ ಮಾಡಬೇಡಿ. ಹಿಂದಿನ ರಾತ್ರಿ ಅವನು ಕುಡಿದಿದ್ದ, ಕೆಳಗೆ ಊರುಗಳಿದ್ದವು.

ಕ್ಷಿಪಣಿಯ ಪುಟಗಳನ್ನು ತೆಗೆದು, ಆ ಜಾಗವನ್ನು ರೇಡಿಯೋ ಮಾತುಕತೆಗೆ ಕೊಟ್ಟು ಇನ್ನೊಮ್ಮೆ ಬರೆದು ಕಳಿಸಿ. ಸ್ವಲ್ಪ ಉದ್ದವಾದರೂ ಪರವಾಗಿಲ್ಲ, ಖಂಡಿತ ಓದುತ್ತೇನೆ.

— ಸಂಪಾದಕ