ಸೊನ್ನೆ ಡಿಬಿ ಎಂದರೆ ಸೊನ್ನೆ ವೋಲ್ಟ್ ಅಲ್ಲ, ಮಾರಾಯ್ರೆ!

ಮಳೆ ಹಿಡಿದು ಮನೆಯಲ್ಲಿ ಕೂತವರೆಲ್ಲ ಕಂಪ್ಯೂಟರಿನಲ್ಲೇ ಮಾಡ್ಯೂಲ್ ಜೋಡಿಸಿ ಸಿಂಥಸೈಸರ್ ಕಟ್ಟುವ ತಂತ್ರಾಂಶ ವಿಸಿವಿ ರ‍್ಯಾಕ್ ಇಳಿಸಿಕೊಂಡಂತೆ ಕಾಣುತ್ತದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: ಇಷ್ಟು ಡಿಬಿಗೆ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಎಷ್ಟು ವೋಲ್ಟ್? ಜೊತೆಗೆ ವಾಟ್ಸಾಪಿನಲ್ಲಿ ಸಿಕ್ಕ ‘ಡಿಬಿ–ವೋಲ್ಟ್ ಚಾರ್ಟ್’ ಬೇರೆ ಲಗತ್ತಿಸಿರುತ್ತಾರೆ. ಅದನ್ನು ಅಳಿಸಿ. ಡಿಬಿ ಎಂದರೆ ಬರೀ ಅನುಪಾತ; ಯಾವುದಕ್ಕೆ ಹೋಲಿಸಿ ಎಂದು ಹೇಳದ ಚಾರ್ಟ್‌ನಿಂದ ವೋಲ್ಟ್ ಹುಟ್ಟುವುದಿಲ್ಲ.

ಯಕ್ಷಗಾನದ ಚೆಂಡೆ ಸ್ಯಾಂಪಲ್‌ಗೆ ಮಿಕ್ಸರಿನ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) -12 ಡಿಬಿಯಲ್ಲಿ ಸರಿ ಕೂತಿದೆ. ಅದೇ ಮಟ್ಟವನ್ನು ಸಿವಿಯಿಂದ (ಮಾಡ್ಯೂಲನ್ನು ನಿಯಂತ್ರಿಸುವ ವೋಲ್ಟೇಜಿನಿಂದ) ಕೊಡಬೇಕು. -12 ವೋಲ್ಟ್ ಕೊಟ್ಟರೆ ಸದ್ದೇ ಇಲ್ಲ. ಮಾಡ್ಯೂಲ್ ಕೆಟ್ಟಿದೆಯೇ? – ತೀರ್ಥಹಳ್ಳಿಯಿಂದ

ಮಾಡ್ಯೂಲ್ ಸರಿಯಿದೆ. ಮಿಕ್ಸರಿನ ಸಿವಿ 0ಯಿಂದ 10 ವೋಲ್ಟ್‌ವರೆಗೆ ಮಾತ್ರ ಕೆಲಸ ಮಾಡುತ್ತದೆ. ಸೊನ್ನೆಗಿಂತ ಕೆಳಗೆ ಏನು ಕೊಟ್ಟರೂ ಅದು ಸೊನ್ನೆಯೇ. 10 ವೋಲ್ಟ್ ಎಂದರೆ ಪೂರ್ತಿ ತೆರೆದ ಬಾಗಿಲು, ಅಂದರೆ 0 ಡಿಬಿ. ಲೆಕ್ಕ ಹೀಗೆ: ವೋಲ್ಟ್ = 10 × 10^(ಡಿಬಿ ÷ 20). ನಿಮ್ಮ -12ಕ್ಕೆ ಅನುಪಾತ 0.251, ಕೊಡಬೇಕಾದ ಸಿವಿ 2.51 ವೋಲ್ಟ್. ಭಾಗಿಸುವುದು 20ರಿಂದ, 10ರಿಂದ ಭಾಗಿಸುವುದು ಪವರ್‌ನ ಲೆಕ್ಕದಲ್ಲಿ. ಅರ್ಧ ಜನ ಇಲ್ಲೇ ಎಡವುತ್ತಾರೆ.

ಇನ್ನರ್ಧ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಿವಿ ಬಂದು ಫೇಡರ್ ಬೆಲೆಯನ್ನು ಗುಣಿಸುತ್ತದೆ, ಅದರ ಜಾಗಕ್ಕೆ ಬಂದು ಕೂರುವುದಿಲ್ಲ. ಫೇಡರ್ -12ರಲ್ಲೇ ಬಿಟ್ಟು 2.51 ವೋಲ್ಟ್ ಕೊಟ್ಟರೆ ಒಟ್ಟು -24 ಡಿಬಿ ಆಗಿ, ಚೆಂಡೆ ಪಕ್ಕದೂರಿನ ಆಟದ್ದು ಕೇಳಿದ ಹಾಗೆ ಕೇಳಿಸುತ್ತದೆ. ಮೊದಲು ಫೇಡರ್ ಮೇಲೆ ಬಲ ಕ್ಲಿಕ್ ಮಾಡಿ 0 ಎಂದು ಟೈಪ್ ಮಾಡಿ, ಆಮೇಲೆ ಸಿವಿ ಜೋಡಿಸಿ.

ಇದೆಲ್ಲ ಲೀನಿಯರ್, ಅಂದರೆ ಸಿವಿ ಅರ್ಧವಾದರೆ ಹೊರಬರುವ ಅಲೆಯೂ ಅರ್ಧವಾಗುವ, ಮಾಡ್ಯೂಲಿನ ಮಾತು. ನಿಮ್ಮದು ಯಾವುದೆಂದು ಹೆಸರು ನೋಡಿ ಊಹಿಸಬೇಡಿ, ಅಳೆಯಿರಿ. 5 ವೋಲ್ಟ್ ಪೀಕಿನ (ಅಲೆಯ ತುದಿಯ ಎತ್ತರ) ಸೈನ್ ಅಲೆ ಒಳಗೆ ಬಿಡಿ, ಸಿವಿಗೆ ಅಲುಗದ 5 ವೋಲ್ಟ್ ಕೊಡಿ, ಹೊರಬಂದದ್ದನ್ನು ಅಲೆ ತೋರಿಸುವ ಸ್ಕೋಪ್ ಮಾಡ್ಯೂಲಿನಲ್ಲಿ ನೋಡಿ. ಪೀಕ್ 2.5 ಇದ್ದರೆ ಲೀನಿಯರ್. 1.25 ಇದ್ದರೆ ಒಳಗೆ ವರ್ಗ ಮಾಡುತ್ತಿದೆ, 0.625 ಇದ್ದರೆ ಘನ, 0.31 ಇದ್ದರೆ ನಾಲ್ಕನೇ ಘಾತ. ನಾಲ್ಕನೇ ಘಾತದ ಮಾಡ್ಯೂಲಿನಲ್ಲಿ ಅದೇ -12 ಡಿಬಿಗೆ 7.08 ವೋಲ್ಟ್ ಬೇಕು. ಎಲ್ಲದಕ್ಕೂ ಒಂದೇ ಚಾರ್ಟ್ ಯಾಕೆ ಆಗುವುದಿಲ್ಲ ಎಂದು ಈಗ ಗೊತ್ತಾಯಿತಲ್ಲ.

ಮಳೆಯ ಸದ್ದನ್ನು ನಿಧಾನಕ್ಕೆ ಇಳಿಸಲು ಹೋದವರ ದೂರೂ ಇದಕ್ಕೇ ಸೇರಿದ್ದು: ‘ಇಳಿಯುವುದೇ ಇಲ್ಲ, ಕೊನೆಗೆ ತಟ್ಟನೆ ಕಡಿಯುತ್ತದೆ’. ಲೀನಿಯರ್ ವಿಸಿಎಗೆ (ಸಿವಿ ಹೇಳಿದಷ್ಟೇ ಸದ್ದು ಬಿಡುವ ಮಾಡ್ಯೂಲ್) 10ರಿಂದ ಸೊನ್ನೆಗೆ ನೇರ ಇಳಿಯುವ ಸಿವಿ ಕೊಟ್ಟಾಗ ಮೊದಲ 5 ವೋಲ್ಟ್ ಇಳಿಯುವಷ್ಟರಲ್ಲಿ ಕಡಿಮೆಯಾಗುವುದು ಬರೀ 6 ಡಿಬಿ. -20ರಿಂದ ಕೆಳಗಿನದೆಲ್ಲ ಕೊನೆಯ 1 ವೋಲ್ಟಿನಲ್ಲಿ ಇಕ್ಕಟ್ಟಾಗಿ ತುಂಬಿಕೊಂಡಿರುತ್ತದೆ. ಲೆಕ್ಕ ಬರೆಯಲು ಬಿಡುವ ಮಾಡ್ಯೂಲ್ ಒಂದನ್ನು ಮಧ್ಯೆ ಇಟ್ಟು 10 × 2^(ಒಳಬರುವ ವೋಲ್ಟ್) ಎಂದು ಬರೆಯಿರಿ. ಅನುಪಾತ ಎರಡು ಪಟ್ಟಾದರೆ 6.02 ಡಿಬಿ, ಹಾಗಾಗಿ ಒಂದೊಂದು ವೋಲ್ಟ್ ಇಳಿದಾಗಲೂ ಸುಮಾರು 6 ಡಿಬಿ ಇಳಿಯುತ್ತದೆ. ಈ ಲೆಕ್ಕದ ಒಳಗೆ ಸೊನ್ನೆ ವೋಲ್ಟ್ ಕೊಟ್ಟಾಗ ಹೊರಗೆ 10 ವೋಲ್ಟ್, ಅಂದರೆ 0 ಡಿಬಿ; -10 ಕೊಟ್ಟಾಗ -60. ಪಿಚ್‌ನ ‘ವೋಲ್ಟಿಗೊಂದು ಆಕ್ಟೇವ್’ ಕೂಡ ಇದೇ ಗಣಿತ. ಒಂದು ಎಚ್ಚರ: ಈ ಲೆಕ್ಕ ಎಂದಿಗೂ ಪೂರ್ತಿ ಸೊನ್ನೆ ಮುಟ್ಟುವುದಿಲ್ಲ. -60ರಲ್ಲೂ ಸಿವಿ ಸುಮಾರು 10 ಮಿಲಿವೋಲ್ಟ್ ಉಳಿದಿರುತ್ತದೆ; ಹೆಡ್‌ಫೋನಿನಲ್ಲಿ ಜೀರುಂಡೆ ಹಾಗೆ ಏನೋ ಕೇಳಿಸಿದರೆ ಅದೇ. ಪೂರ್ತಿ ನಿಲ್ಲಿಸಲು ಬೇರೆ ಮ್ಯೂಟ್ ಇಡಿ.

ರ‍್ಯಾಕ್‌ನಲ್ಲಿ 5 ವೋಲ್ಟ್ ಇದ್ದರೆ ಸೌಂಡ್‌ಕಾರ್ಡಿನಿಂದಲೂ 5 ವೋಲ್ಟ್ ಬರುತ್ತದೆಯೇ? – ಸಾಗರದಿಂದ

ಇಲ್ಲ. ರ‍್ಯಾಕ್‌ನ ಆಡಿಯೊ ಮಾಡ್ಯೂಲಿಗೆ 10 ವೋಲ್ಟ್ ಪೀಕ್ ಎಂದರೆ 0 ಡಿಬಿಎಫ್‌ಎಸ್ (ಡಿಜಿಟಲ್ ಸದ್ದಿನ ಗರಿಷ್ಠ ಮಟ್ಟಕ್ಕೆ ಹೋಲಿಸಿದ ಡಿಬಿ), 5 ವೋಲ್ಟ್ ಎಂದರೆ -6. ಅಲ್ಲಿಂದ ಮುಂದೆ ಎಷ್ಟು ಬರುತ್ತದೆ ಎನ್ನುವುದು ಕಾರ್ಡಿಗೆ ಬಿಟ್ಟದ್ದು. ಗರಿಷ್ಠ ಔಟ್‌ಪುಟ್ +10 ಡಿಬಿಯು (0.775 ವೋಲ್ಟಿಗೆ ಹೋಲಿಸಿದ ಡಿಬಿ) ಎಂದು ಕಾರ್ಡಿನ ಕೈಪಿಡಿಯಲ್ಲಿದ್ದರೆ 0.775 × 3.16, ಅಂದರೆ 2.45 ವೋಲ್ಟ್ ಆರ್‌ಎಂಎಸ್ (ಅಲೆಯ ಒಂದು ಬಗೆಯ ಸರಾಸರಿ), ಪೀಕ್ 3.46. +16 ಇದ್ದರೆ ಪೀಕ್ 6.9. ಇದು 0 ಡಿಬಿಎಫ್‌ಎಸ್‌ಗೆ; ನಿಮ್ಮ 5 ವೋಲ್ಟಿಗೆ ಅದರ ಅರ್ಧ. ಆರ್‌ಎಂಎಸ್, ಪೀಕ್ ಎರಡನ್ನೂ ಕಲಸಿಕೊಂಡರೆ 3 ಡಿಬಿ ತಪ್ಪು ಗ್ಯಾರಂಟಿ. ಕೈಪಿಡಿ ಕಳೆದಿದ್ದರೆ 5 ವೋಲ್ಟ್ ಪೀಕಿನ 100 ಹರ್ಟ್ಸ್ ಸೈನ್ ಕಳಿಸಿ, ಕಾರ್ಡಿನ ವಾಲ್ಯೂಮ್ ಪೂರ್ತಿ ಇಟ್ಟು, ಮಲ್ಟಿಮೀಟರನ್ನು ಎಸಿಗೆ ಹಾಕಿ ಅಳೆಯಿರಿ. ಬಂದ ಅಂಕಿಯನ್ನು 1.414ರಿಂದ ಗುಣಿಸಿದರೆ ಪೀಕ್. ಸೈನ್ ಬಿಟ್ಟು ಸ್ಕ್ವೇರ್ ಕಳಿಸಿದರೆ ಅಗ್ಗದ ಮೀಟರ್ ಶೇ 11ರಷ್ಟು ಹೆಚ್ಚು ತೋರಿಸಿ ದಾರಿ ತಪ್ಪಿಸುತ್ತದೆ.

10 ಡಿಬಿ ಏರಿಸಿದರೆ ವೋಲ್ಟ್ ದುಪ್ಪಟ್ಟಲ್ಲವೇ? – ಭದ್ರಾವತಿ

ಅಲ್ಲ, 3.16 ಪಟ್ಟು. ದುಪ್ಪಟ್ಟಿಗೆ 6.

ಮಳೆಗಾಲದಲ್ಲಿ ಕರೆಂಟು 180 ವೋಲ್ಟಿಗೆ ಇಳಿದಾಗ ಪ್ಯಾಚ್‌ನ (ಮಾಡ್ಯೂಲ್‌ಗಳ ಜೋಡಣೆ) ಡಿಬಿ ಇಳಿಯುತ್ತದೆಯೇ? – ಹೊಸನಗರ

ರ‍್ಯಾಕ್‌ನ ವೋಲ್ಟ್ ಬರೀ ಅಂಕಿ. ಮೆಸ್ಕಾಂ ವೋಲ್ಟಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಪೇಟೆಯಲ್ಲಿ ‘ಡಿಬಿ ಬೂಸ್ಟರ್ ಕೇಬಲ್’ ಮಾರುತ್ತಿದ್ದಾರೆ, ಕೊಳ್ಳಲೇ? – ಶಿವಮೊಗ್ಗ

ಬರೀ ತಂತಿ ವೋಲ್ಟ್ ಏರಿಸುವುದಿಲ್ಲ. ದುಡ್ಡು ಇಟ್ಟುಕೊಳ್ಳಿ.

ಡಿಸಿ-ಕಪಲ್ಡ್ (ಅಲುಗದ ವೋಲ್ಟನ್ನೂ ಹೊರಬಿಡುವ) ಕಾರ್ಡಿನಿಂದ ಸಿವಿ ಕಳಿಸುವಾಗ ಸ್ಪೀಕರ್ ಹಾಗೇ ಇರಲೇ? – ಸೊರಬ

ಬೇಡವೇ ಬೇಡ. ಮಧ್ಯದ ಆಂಪ್ಲಿಫೈಯರ್ ಡಿಸಿ ತಡೆಯದಿದ್ದರೆ ಕೋನ್ ಒಂದೇ ಕಡೆಗೆ ವಾಲಿ ನಿಲ್ಲುತ್ತದೆ, ಕಾಯಿಲ್ ಬಿಸಿಯಾಗಿ ಸುಡುತ್ತದೆ, ಅದೂ ಸದ್ದೇ ಇಲ್ಲದೆ. ಮೊದಲು ಆ ಚಾನಲಿನ ಪಿನ್ ಕೀಳಿ, ಆಮೇಲೆ ಪ್ಯಾಚ್ ತೆರೆಯಿರಿ.